ಅಂಕೆ, ಅಂಕುಶ, ಕಡಿವಾಣ: ಪದಬಂಧದಲ್ಲಿ ‘ಹಿಡಿತ’ದ ಸುಳಿವು ಬಿಡಿಸುವುದು ಹೇಗೆ?

ಮೈಸೂರು–ಮಂಡ್ಯ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿದ್ದವನು. ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಪೇಪರ್ ಕೈಗೆ ಬಂದರೆ ಮೊದಲು ತಿರುಗಿಸುತ್ತಿದ್ದದ್ದು ಪದಬಂಧದ ಪುಟ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಂತಿರುವಾಗ ನಾನೂ ನಮ್ಮ ಡ್ರೈವರ್ ಅಣ್ಣನೂ ಟೀ ಕುಡಿಯುತ್ತಾ ಬಿಡಿಸುತ್ತಿದ್ದೆವು. ಸುಳಿವು ಓದುವುದು ನಾನು, ಉತ್ತರ ಹುಡುಕುವುದು ಇಬ್ಬರೂ. ಅವರು ಹೆಚ್ಚು ಓದಿದವರಲ್ಲ. ಆದರೆ ಹೊಲದ ಮಾತು, ದನದ ಮಾತು, ನೀರಿನ ಮಾತು ಬಂದರೆ ನಾನು ಸುಳಿವು ಓದಿ ಮುಗಿಸುವ ಮೊದಲೇ ಉತ್ತರ ಬಂದುಬಿಡುತ್ತಿತ್ತು.

ನಮ್ಮಿಬ್ಬರಿಗೂ ಜಾಸ್ತಿ ಕೈಕೊಡುತ್ತಿದ್ದದ್ದು ಒಂದೇ ಜಾತಿಯ ಸುಳಿವು. ‘ಹಿಡಿತ’, ‘ಹತೋಟಿ’, ‘ನಿಯಂತ್ರಣ’, ‘ತಡೆಯುವುದು’. ನೋಡಿದರೆ ಸುಲಭ ಅನ್ನಿಸುತ್ತೆ. ಬರೆಯಲು ಹೋದರೆ ಮೂರು ಮನೆಗೆ, ಅಂದರೆ ಮೂರಕ್ಷರಕ್ಕೆ, ಎಷ್ಟು ಪದ ಕೂರುತ್ತೆ ನೋಡಿ: ಹತೋಟಿ, ಸಂಯಮ, ನಿಗ್ರಹ, ಅಂಕುಶ, ಲಗಾಮು, ಬಂಧನ, ನಿರೋಧ, ದಮನ, ನಿರ್ಬಂಧ. ಒಂಬತ್ತು ಆಯಿತು. ಪದ ಗೊತ್ತಿಲ್ಲದೆ ನಿಂತರೆ ನಿಘಂಟು ತೆರೆಯಬಹುದು. ಗೊತ್ತಿರುವ ಪದವೇ ಒಂಬತ್ತಿದ್ದರೆ ಏನು ಮಾಡುವುದು?

ಇದಕ್ಕೆ ದಾರಿ ತೋರಿಸಿದ್ದು ಆ ಅಣ್ಣನೇ. ಒಂದು ದಿನ ‘ಹತೋಟಿಯಲ್ಲಿಡುವ ಸಾಧನ (4)’ ಅಂತ ಓದಿದೆ. ಅವರು ಟೀ ಲೋಟ ಕೆಳಗಿಟ್ಟು ಕೇಳಿದರು: “ಯಾರನ್ನ ಹತೋಟೀಲಿ ಇಡ್ಬೇಕಂತೆ? ಎತ್ತಾದ್ರೆ ಮೂಗುದಾರ. ಕುದುರೆ ಆದ್ರೆ ಕಡಿವಾಣ. ನೀರಾದ್ರೆ ಅಣೆಕಟ್ಟು. ಅದನ್ನ ಮೊದ್ಲು ಹೇಳಪ್ಪ.” ಮೂರೂ ನಾಲ್ಕಕ್ಷರ. ನಾನು ಪದ ಹುಡುಕುತ್ತಿದ್ದೆ, ಅವರು ತಡೆಯಬೇಕಾದ ಪ್ರಾಣಿಯನ್ನು ಹುಡುಕುತ್ತಿದ್ದರು. ಅವತ್ತಿನಿಂದ ನಾನು ಮೊದಲು ಕೇಳಿಕೊಳ್ಳುವುದು ಇದೇ ಪ್ರಶ್ನೆ: ಇಲ್ಲಿ ಹಿಡಿಯುತ್ತಿರುವುದು ಯಾರನ್ನು? ನೀವೂ ಅಲ್ಲಿಂದಲೇ ಶುರು ಮಾಡಿ.

ಕನ್ನಡದಲ್ಲಿ ತಡೆಯುವ ಪದಗಳೆಲ್ಲ ಎಲ್ಲೋ ಒಂದು ಕಡೆ ದುಡಿದು ಬಂದವು. ಕೆಲವು ಕೊಟ್ಟಿಗೆಯಿಂದ, ಕೆಲವು ಕೆರೆ ಏರಿಯಿಂದ, ಕೆಲವು ಸರ್ವೆ ಕಚೇರಿಯಿಂದ, ಕೆಲವು ಯೋಗದ ಮಣೆಯಿಂದ. ಸುಳಿವು ಬರೆಯುವವರು ಆ ಜಾಗದ ವಾಸನೆ ಒಂದಿಷ್ಟಾದರೂ ಬಿಟ್ಟಿರುತ್ತಾರೆ.

ಕೊಟ್ಟಿಗೆಯದ್ದೇ ಮೊದಲು ನೋಡೋಣ. ನಮ್ಮಪ್ಪ ಒಂದು ಜೊತೆ ಹಳ್ಳಿಕಾರ್ ಎತ್ತು ಸಾಕಿದ್ದರು. ಅವುಗಳ ಮೈಮೇಲೆ ಎಷ್ಟು ಪದ ಇದ್ದವು ಅಂತ ನನಗೆ ಗೊತ್ತಾದದ್ದು ಪದಬಂಧ ಶುರು ಮಾಡಿದ ಮೇಲೆ. ಮೂಗಿಗೆ ಮೂಗುದಾರ (4). ಕುತ್ತಿಗೆಗೆ ಕಟ್ಟುವ ಹಗ್ಗ ಕಣ್ಣಿ (2). ಹೆಗಲ ಮೇಲೆ ನೊಗ (2). ಬೆಳೆ ನಡುವೆ ಕುಂಟೆ ಹೊಡೆಯುವಾಗ ಪೈರಿಗೆ ಬಾಯಿ ಹಾಕಬಾರದು ಅಂತ ಮೂತಿಗೆ ಕಟ್ಟುತ್ತಿದ್ದ ಬಲೆಯಂಥದ್ದು ಕುಕ್ಕೆ (2). ‘ಎತ್ತಿನ ಬಾಯಿಗೆ ತಡೆ (2)’ ಅಂತ ಬಂದರೆ ಪೇಟೆಯಲ್ಲಿ ಬೆಳೆದವರು ಒದ್ದಾಡುತ್ತಾರೆ. ಕುಕ್ಕೆ ಅಂದರೆ ಅವರಿಗೆ ಸುಬ್ರಹ್ಮಣ್ಯ ಮಾತ್ರ ನೆನಪಾಗುತ್ತಾನೆ. ಬಾಯಿಕುಕ್ಕೆ ಅಂತ ನಾಲ್ಕು ಮನೆಗೂ ಕೂರಿಸಬಹುದು.

ಕುದುರೆಗೆ ಲಗಾಮು, ಕಡಿವಾಣ ಎರಡೂ ಬರುತ್ತವೆ. ಆಡುಮಾತಿನಲ್ಲಿ ಎರಡನ್ನೂ ಒಂದೇ ಅರ್ಥಕ್ಕೆ ಬಳಸುತ್ತೇವೆ, ಆದ್ದರಿಂದ ಅಕ್ಷರ ಎಣಿಸಿದರೆ ಸಾಕು: ಮೂರಿದ್ದರೆ ಲಗಾಮು, ನಾಲ್ಕಿದ್ದರೆ ಕಡಿವಾಣ. ನಾಲ್ಕಕ್ಕೆ ಇನ್ನೊಂದು ಪೈಪೋಟಿಯೂ ಇದೆ, ಕಣ್ಣುಪಟ್ಟಿ. ಅರಮನೆ ಸುತ್ತಮುತ್ತ ಟಾಂಗಾ ಕುದುರೆಯ ಮುಖ ಒಮ್ಮೆ ಹತ್ತಿರದಿಂದ ನೋಡಿ ಬನ್ನಿ. ಕಡಿವಾಣ ಬಾಯಿಗೆ, ಕಣ್ಣುಪಟ್ಟಿ ಕಣ್ಣಿಗೆ. ಸುಳಿವಿನಲ್ಲಿ ‘ಅತ್ತಿತ್ತ ನೋಡದಂತೆ’ ಅಂತಿದ್ದರೆ ಅದು ಕಣ್ಣುಪಟ್ಟಿಯೇ. ಹಾಗೆಯೇ ಒಂದು ಗಾದೆ ನೆನಪಿಡಿ: ಅಂಕೆಯಿಲ್ಲದ ಚದುರೆ, ಲಗಾಮಿಲ್ಲದ ಕುದುರೆ. ಗಾದೆಯ ಅರ್ಧ ಕೊಟ್ಟು ಖಾಲಿ ಜಾಗ ತುಂಬಿಸಿ ಅನ್ನುವ ಸುಳಿವುಗಳಲ್ಲಿ ಇದು ಬಂದೇ ಬರುತ್ತೆ. ಒಂದೇ ಗಾದೆಯಲ್ಲಿ ಎರಡು ಉತ್ತರ.

ಆನೆಗೆ ಬಂದರೆ ಮೈಸೂರಿನವರು ಸೋಲಬಾರದು. ಆದರೂ ನಾನು ಸೋತಿದ್ದೇನೆ, ಅದೂ ದಸರಾ ಸಮಯದಲ್ಲಿ. ಸುಳಿವು ಇದ್ದದ್ದು ‘ಆನೆಯನ್ನು ಅಂಕೆಯಲ್ಲಿ ಇಡುವವ (3)’. ನಾನು ‘ಆನೆ’, ‘ಅಂಕೆ’ ಎರಡನ್ನೇ ನೋಡಿ ಪೆನ್ನಿನಲ್ಲಿ ‘ಅಂಕುಶ’ ಅಂತ ಬರೆದುಬಿಟ್ಟೆ. ಕೊನೆಯ ಮನೆಯಿಂದ ಕೆಳಕ್ಕೆ ‘ಜೋಡಿ ವಾದ್ಯ (3)’ ಇತ್ತು. ತಬಲ ಅಂತ ಗೊತ್ತಿದ್ದರೂ ಮೊದಲ ಮನೆಯಲ್ಲಿ ‘ಶ’ ಕೂತಿದ್ದರಿಂದ ಅದನ್ನು ಬಿಟ್ಟೆ. ಎರಡು ಟ್ರಿಪ್ಪು ಆದ ಮೇಲೆ ‘ಇಡುವವ’ ಅನ್ನುವುದು ಕಣ್ಣಿಗೆ ಬಿತ್ತು. ಇಡುವವ ಅಂದರೆ ಮನುಷ್ಯ. ಮಾವುತ! ಹಾಗಾಗಿ ಸುಳಿವಿನ ಕೊನೆಯ ಪದವನ್ನು ಎರಡು ಸಲ ಓದಿ. ‘ಇಡುವವ’ ಅಂದರೆ ವ್ಯಕ್ತಿ: ಮಾವುತ, ಸಾರಥಿ, ಸೂತ್ರಧಾರ. ‘ಸಾಧನ’ ಅಂದರೆ ವಸ್ತು: ಅಂಕುಶ, ಲಗಾಮು. ‘ಇಡುವಿಕೆ’ ಅಂದರೆ ಕೆಲಸ: ನಿಗ್ರಹ, ದಮನ. ‘ಉಳ್ಳವನು’ ಅಂದರೆ ಗುಣ ಇರುವವನು: ಸಂಯಮಿ, ಮಿತಭಾಷಿ, ಜಿತೇಂದ್ರಿಯ. ‘ಇಡು’ ಅಂತ ಮುಗಿದರೆ ಕ್ರಿಯಾಪದ: ತಡೆ, ಬಿಗಿ, ಕಟ್ಟು. ತಡೆ, ಬಿಗಿ, ಕಟ್ಟು ಮೂರೂ ನಾಮಪದವಾಗಿಯೂ ನಿಲ್ಲುತ್ತವೆ, ಅದಕ್ಕೇ ಪದಬಂಧ ಹೆಣೆಯುವವರಿಗೆ ಇವು ತುಂಬಾ ಇಷ್ಟ.

ಮಾವುತನ ಜೊತೆ ಕಾವಾಡಿಯನ್ನೂ ಇಟ್ಟುಕೊಳ್ಳಿ. ಅದೂ ಮೂರಕ್ಷರವೇ. ಆನೆಗೆ ಮೇವು ಹಾಕಿ, ಮೈ ತೊಳೆದು ಮಾವುತನಿಗೆ ನೆರವಾಗುವವನು. ಸುಳಿವಿನಲ್ಲಿ ‘ಸಹಾಯಕ’ ಅಂತಿದ್ದರೆ ಕಾವಾಡಿ. ಇನ್ನು ಕುಮ್ಕಿ (2), ಇನ್ನೊಂದು ಆನೆಯನ್ನು ಹತೋಟಿಗೆ ತರುವ ಪಳಗಿದ ಆನೆ. ಜಂಬೂಸವಾರಿಯಲ್ಲಿ ಅಂಬಾರಿ ಹೊತ್ತ ಆನೆಯ ಎಡಬಲದಲ್ಲಿ ನಡೆಯುತ್ತವಲ್ಲ, ಅವೇ. 750 ಕೆ.ಜಿ. ಅಂಬಾರಿ ಹೊತ್ತು, ಅಷ್ಟು ಜನರ ನಡುವೆ, ತೋಪಿನ ಸದ್ದಿಗೂ ಬೆದರದೆ ಆನೆ ಹೆಜ್ಜೆ ಹಾಕುವುದರ ಹಿಂದೆ ವಾರಗಟ್ಟಲೆ ಅಭ್ಯಾಸ ಇರುತ್ತೆ. ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ, ನಡುವೆ ತೋಪಿನ ಸದ್ದಿನ ಅಭ್ಯಾಸ. ಅದಕ್ಕೆ ನಮ್ಮಲ್ಲಿ ಹೇಳುವ ಪದ ತಾಲೀಮು (3). ಪಳಗಿಸು (4) ಕೂಡ ಇದೇ ಗುಂಪು.

ನೀರಿನ ಪದಗಳಿಗೆ ಮಂಡ್ಯದವರು ನಿಘಂಟು ನೋಡಬೇಕಾಗಿಲ್ಲ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟ ಪೇಪರಿನಲ್ಲಿ ದಿನಾ ಬರುತ್ತೆ. 124.80 ಅಡಿ ಮುಟ್ಟಿತಾ ಅಂತ ಬಸ್ಸಿನಲ್ಲಿ ಪ್ರತಿಯೊಬ್ಬರೂ ಕೇಳುತ್ತಿದ್ದರು. ಆ ಸುದ್ದಿಯಲ್ಲಿ ಬರುವ ಪದಗಳೇ ಪದಬಂಧದಲ್ಲೂ ಬರುತ್ತವೆ. ಕಟ್ಟೆ, ಒಡ್ಡು, ಏರಿ, ತೂಬು, ಕೋಡಿ. ಎಲ್ಲವೂ ಎರಡಕ್ಷರ, ಆದ್ದರಿಂದ ಒಂದರ ಬದಲು ಇನ್ನೊಂದು ಬರೆಯುವ ಅಪಾಯ ಇದೆ. ಇವುಗಳ ಕೆಲಸ ಬೇರೆ ಬೇರೆ. ಏರಿ, ಒಡ್ಡು, ಕಟ್ಟೆ ನೀರು ನಿಲ್ಲಿಸುತ್ತವೆ. ತೂಬು ಬೇಕಾದಷ್ಟು ಬಿಡುತ್ತೆ. ಕೋಡಿ ಹೆಚ್ಚಾದದ್ದನ್ನು ಹೊರಹಾಕುತ್ತೆ. ‘ಕೆರೆ ತುಂಬಿದಾಗ ಹರಿಯುವುದು (2)’ ಅಂದರೆ ಕೋಡಿ. ‘ಕೆರೆ ನೀರು ಹಂಚುವವನು (4)’ ಬಂದರೆ ನೀರುಗಂಟಿ. ಈ ಪದ ಮರೆಯಬೇಡಿ. ಹಳ್ಳಿಯ ಗದ್ದೆಗಳಿಗೆ ಯಾವ ಹೊತ್ತಿಗೆ ಎಷ್ಟು ನೀರು ಅಂತ ನೋಡಿಕೊಳ್ಳುತ್ತಿದ್ದವನು ಅವನು.

ನೆಲದ ಪದಗಳಲ್ಲಿ ಎಲ್ಲೆ, ಮೇರೆ, ಗಡಿ, ಬದು, ಬೇಲಿ ಎಲ್ಲರಿಗೂ ಗೊತ್ತು. ನನಗೆ ಬಹಳ ಪ್ರೀತಿಯದ್ದು ಹದ್ದುಬಸ್ತು (4). ‘ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡಬೇಕು’ ಅಂತ ಮಾತಾಡುತ್ತೇವೆ. ಜಮೀನಿನ ಗಡಿ ಗುರುತಿಸಿಕೊಡಿ ಅಂತ ಸರ್ವೆ ಇಲಾಖೆಗೆ ಹಾಕುವ ಅರ್ಜಿಗೂ ಹದ್ದುಬಸ್ತು ಅರ್ಜಿ ಅಂತಲೇ ಹೆಸರು. ಇದರಲ್ಲಿರುವ ‘ಹದ್ದು’ ಹಕ್ಕಿಯಲ್ಲ, ಗಡಿ. ನಾನೇ ಒಂದು ಸುಳಿವು ಹೆಣೆದು ಅಣ್ಣನಿಗೆ ಕೇಳಿದ್ದೆ: ‘ಹಕ್ಕಿಯಾದರೂ ಮೀರಬಾರದು (2)’. ಒಂದು ಕ್ಷಣ ಸುಮ್ನೆ ನೋಡಿ “ಹದ್ದು!” ಅಂದರು. ಹದ್ದು ಮೀರಬಾರದು, ಅಲ್ವಾ.

ಎರಡರ್ಥದ ಇಂಥ ಪದಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಂಕೆ ಲೆಕ್ಕದಲ್ಲೂ ಇದೆ, ಹತೋಟಿಯಲ್ಲೂ ಇದೆ. ಬೇಡಿ ಅಂದರೆ ಕೈಗೆ ಹಾಕುವುದು, ‘ಕೇಳಿಕೊಳ್ಳಿ’ ಅನ್ನುವುದೂ ಹೌದು. ಕಟ್ಟು ಅಂದರೆ ಬಿಗಿಯುವುದು, ಮನೆ ಕಟ್ಟುವುದು, ಸೊಪ್ಪಿನ ಕಟ್ಟು, ದುಡ್ಡಿನ ಕಟ್ಟು. ಸುಳಿವು ವಿಚಿತ್ರವಾಗಿದೆ, ಎರಡು ಸಂಬಂಧವಿಲ್ಲದ ಮಾತು ಒಟ್ಟಿಗೆ ಇವೆ ಅನ್ನಿಸಿದರೆ ಉತ್ತರ ಇಂಥದ್ದೇ ಇರುತ್ತೆ.

ಈಗ ಮನಸ್ಸಿನ ಪದಗಳು. ಇಲ್ಲಿ ನಿಧಾನ ಬೇಕು, ಯಾಕೆಂದರೆ ಸಂಸ್ಕೃತದಿಂದ ಬಂದ ಪದಗಳು ಒಂದರ ಪಕ್ಕ ಒಂದು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅವುಗಳನ್ನು ಮನೆತನದ ಲೆಕ್ಕದಲ್ಲಿ ನೆನಪಿಟ್ಟರೆ ಸುಲಭ. ‘ಯಮ್’ ಮನೆತನ: ಯಮ, ನಿಯಮ, ಸಂಯಮ, ನಿಯಂತ್ರಣ. ‘ಗ್ರಹ್’ ಮನೆತನ: ನಿಗ್ರಹ, ಜೊತೆಗೆ ಅರ್ಥ ಬದಲಾದ ಆಗ್ರಹ, ಸಂಗ್ರಹ. ‘ರುಧ್’ ಮನೆತನ: ನಿರೋಧ, ಪ್ರತಿರೋಧ, ವಿರೋಧ. ‘ಬಂಧ್’ ಮನೆತನ: ಬಂಧನ, ನಿರ್ಬಂಧ, ದಿಗ್ಬಂಧನ. ನಮ್ಮ ಪದಬಂಧವೂ ಇದೇ ಮನೆಯದ್ದು. ಯೋಗಕ್ಕೆ ಪತಂಜಲಿ ಕೊಟ್ಟ ಅರ್ಥದಲ್ಲೇ ನಿರೋಧ ಇದೆ, ಚಿತ್ತವೃತ್ತಿಯ ನಿರೋಧ. ‘ಯೋಗದ ಎಂಟು ಅಂಗಗಳಲ್ಲಿ ಒಂದು’ ಅಂತ ಬಂದರೆ ಎಣಿಸಿ: ಯಮ 2, ನಿಯಮ 3, ಆಸನ 3, ಪ್ರಾಣಾಯಾಮ 4, ಪ್ರತ್ಯಾಹಾರ 4, ಧಾರಣ 3, ಧ್ಯಾನ 2, ಸಮಾಧಿ 3. ಇಂದ್ರಿಯಗಳನ್ನು ಹೊರಗಿನ ವಿಷಯದಿಂದ ಹಿಂದಕ್ಕೆ ಎಳೆದುಕೊಳ್ಳುವುದು ಪ್ರತ್ಯಾಹಾರ. ಮೈಸೂರಿನಲ್ಲಿ ಯೋಗ ಕಲಿಯುವವರು ಮನೆಗೊಬ್ಬರು ಇದ್ದಾರೆ, ಅವರನ್ನೇ ಕೇಳಿ.

ಎಲ್ಲಕ್ಕಿಂತ ಕಷ್ಟದ್ದು ಎರಡಕ್ಷರದ ಮೂವರು: ಯಮ, ದಮ, ಶಮ. ಮೂರೂ ‘ಮ’ದಲ್ಲೇ ಮುಗಿಯುತ್ತವೆ. ದಮ ಅಂದರೆ ಇಂದ್ರಿಯಗಳ ನಿಗ್ರಹ, ಶಮ ಅಂದರೆ ಮನಸ್ಸಿನ ನಿಗ್ರಹ. ಆದರೆ ಸುಳಿವು ಬರೆಯುವವರು ಸುಮ್ನೆ ‘ನಿಗ್ರಹ (2)’ ಅಂತ ಬರೆದುಬಿಟ್ಟಿರುತ್ತಾರೆ. ಒಂದು ಸಲ ಹೀಗೇ ಆಗಿತ್ತು. ಎರಡನೇ ಮನೆಗೆ ಮೇಲಿನಿಂದ ‘ಆರಾಮ’ ಇಳಿದಿತ್ತು, ಹಾಗಾಗಿ ‘ಮ’ ಖಚಿತ. ಮೊದಲ ಮನೆ ಖಾಲಿ. ಅಲ್ಲಿಂದ ಕೆಳಕ್ಕೆ ‘ಬಿಲ್ಲಿಗೆ ಹೂಡುವುದು (2)’. ಅದಕ್ಕೂ ಮೂರು ಉತ್ತರ: ಬಾಣ, ಅಂಬು, ಶರ. ಎರಡೂ ಸುಳಿವು ಬೇರೆ ಬೇರೆಯಾಗಿ ನೋಡಿದರೆ ಎರಡೂ ಬಿಡಿಸಲು ಬರುವುದಿಲ್ಲ. ಒಟ್ಟಿಗೆ ಇಟ್ಟು ನೋಡಿ. ಬಾಣ ಆದರೆ ‘ಬಾಮ’. ಅಂಬು ಆದರೆ ‘ಅಂಮ’. ಎರಡೂ ಪದವಲ್ಲ. ಶರ ಆದರೆ ‘ಶಮ’. ಎರಡು ಸುಳಿವೂ ಒಂದೇ ಏಟಿಗೆ ಬಿಡಿಸಿಕೊಂಡವು. ಪದಬಂಧದಲ್ಲಿ ನನಗೆ ಸಿಗುವ ದೊಡ್ಡ ಸಂತೋಷ ಇದೇ.

ಇದನ್ನು ಇನ್ನೂ ಮುಂದಕ್ಕೆ ಒಯ್ಯಬಹುದು. ಒತ್ತಕ್ಷರ ಇರುವ ಪದ ನಿಮ್ಮ ಮನಸ್ಸಿನಲ್ಲಿದ್ದರೆ, ಆ ಒತ್ತಕ್ಷರದ ಮನೆ ಅಡ್ಡ ಹಾಯುತ್ತದಾ ನೋಡಿ. ನಿಗ್ರಹದ ‘ಗ್ರ’ ಅಡ್ಡ ಹಾಯಬೇಕಾದರೆ ಅಲ್ಲಿ ಅಗ್ರ, ಉಗ್ರ, ವಿಗ್ರಹ, ಗ್ರಹಣದಂಥ ಪದ ಬರಬೇಕು. ನಿಯಂತ್ರಣದ ‘ತ್ರ’ಕ್ಕೆ ಸುಲಭ: ಪತ್ರ, ಚಿತ್ರ, ಸೂತ್ರ, ಮಿತ್ರ. ಆದರೆ ನಿರ್ಬಂಧದ ‘ರ್ಬಂ’? ಅದನ್ನು ಹಾಯುವ ಪದ ಸಿಗುವುದು ಬಹಳ ಕಷ್ಟ. ನಡುವಿನ ಮನೆ ಅಡ್ಡ ಹಾಯುತ್ತಿದ್ದರೆ ನಿರ್ಬಂಧ ಅಲ್ಲ ಅಂತಲೇ ಮುಂದೆ ಹೋಗಿ, ಆ ಮನೆಯ ಮೇಲೂ ಕೆಳಗೂ ಕಪ್ಪು ಮನೆ ಇದ್ದರೆ ಮಾತ್ರ ಅದರ ಯೋಚನೆ ಮಾಡಿ.

ಹೊಸಬರು ಎಣಿಕೆಯಲ್ಲೇ ತಪ್ಪುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಸೊನ್ನೆಗೆ ಬೇರೆ ಮನೆ ಇಲ್ಲ: ಅಂಕುಶ ಅಂದರೆ ಅಂ-ಕು-ಶ, ಮೂರು. ಒತ್ತಿಗೂ ಬೇರೆ ಮನೆ ಇಲ್ಲ: ಲಕ್ಷ್ಮಣರೇಖೆ ಅಂದರೆ ಲ-ಕ್ಷ್ಮ-ಣ-ರೇ-ಖೆ, ಐದು. ಪದದ ಕೊನೆಯಲ್ಲಿ ಅರ್ಧಾಕ್ಷರ ನಿಂತರೆ ಅದಕ್ಕೆ ಮಾತ್ರ ಒಂದು ಮನೆ. ನಾನು ದಿನಕ್ಕೆ ನೂರು ಸಲ ಕೂಗುತ್ತಿದ್ದ ಹೋಲ್ಡಾನ್ ಅಂದರೆ ಹೋ-ಲ್ಡಾ-ನ್, ಮೂರು.

ಸುಳಿವಿನಲ್ಲಿ ‘ಇಲ್ಲದ’ ಅಂತ ಬಂದರೆ ದಾರಿಯೇ ಬೇರೆ. ‘ಹಿಡಿತವಿಲ್ಲದ (4)’ ಅಂದಾಗ ಹಿಡಿತದ ಪದವನ್ನೇ ಒಳಗೆ ಹುಡುಕಿ. ನಿರಂಕುಶದ ಒಳಗೆ ಅಂಕುಶ ಇದೆ. ಉಚ್ಛೃಂಖಲದ ಒಳಗೆ ಶೃಂಖಲೆ, ಅಂದರೆ ಸರಪಳಿ ಇದೆ. ಎರಡೂ ನಾಲ್ಕೇ ಅಕ್ಷರ. ಮೂರಾದರೆ ಸ್ವಚ್ಛಂದ, ಬಿಡಾಡಿ. ‘ಇದಿಲ್ಲದೆ ಓಡುವುದು’ ಅನ್ನುವ ಧಾಟಿಯಲ್ಲಿ ಐದಕ್ಷರ ಕೇಳಿದರೆ ಲಂಗುಲಗಾಮು. ಬಿಡಾಡಿ ದನ ಅಂತ ದಿನಾ ಹೇಳುತ್ತೇವೆ, ಪದಬಂಧದಲ್ಲಿ ಬಂದಾಗ ಮಾತ್ರ ಯಾಕೋ ಹೊಳೆಯುವುದಿಲ್ಲ.

ನಾಲಿಗೆಗೆ ಸಂಬಂಧಪಟ್ಟದ್ದು ಬಂದರೆ ಮೊದಲು ಮಾತಿನದ್ದೋ ಊಟದ್ದೋ ನೋಡಿ. ಮಾತಾದರೆ ಮೌನ, ಮಿತಭಾಷಿ, ವಾಕ್ಸಂಯಮ. ಊಟವಾದರೆ ಪಥ್ಯ, ವ್ರತ, ಉಪವಾಸ, ಒಪ್ಪೊತ್ತು. ನಮ್ಮ ಅಮ್ಮ ಶನಿವಾರ ಒಪ್ಪೊತ್ತು ಮಾಡುತ್ತಿದ್ದರು, ಮೂರಕ್ಷರ. ಹರಕೆ, ಜಾತ್ರೆ ಅಂತ ಸುಳಿವಿನಲ್ಲಿದ್ದರೆ ಬಾಯಿಬೀಗ, ಅಂದರೆ ಹರಕೆಗೆ ಬಾಯಿಗೆ ಸರಳು ಚುಚ್ಚಿಸಿಕೊಳ್ಳುವುದು. ಮಂಡ್ಯ ಕಡೆಯ ಮಾರಮ್ಮನ ಹಬ್ಬ ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಸರ್ಕಾರದ ಪದಗಳಲ್ಲಿ ಎರಡು ಮಾತ್ರ ಗೊಂದಲ ಮಾಡುತ್ತವೆ. ಜನ ಗುಂಪು ಸೇರಬಾರದು ಅಂತ ಹೊರಡಿಸುವುದು ನಿಷೇಧಾಜ್ಞೆ. ಕೋರ್ಟು ಒಂದು ಕೆಲಸ ನಿಲ್ಲಿಸಿ ಅನ್ನುವುದು ತಡೆಯಾಜ್ಞೆ. ಎರಡೂ ನಾಲ್ಕಕ್ಷರ, ಎರಡೂ ‘ಜ್ಞೆ’ಯಲ್ಲೇ ಮುಗಿಯುತ್ತವೆ. ಹಳೆಯ ಪದಬಂಧಗಳಲ್ಲಿ ‘144ನೇ ಸೆಕ್ಷನ್’ ಅಂತ ಇದ್ದರೆ ನಿಷೇಧಾಜ್ಞೆ. 2024ರ ಜುಲೈ 1ರಿಂದ ಹೊಸ ಕಾನೂನಿನಲ್ಲಿ ಅದು 163ನೇ ಸೆಕ್ಷನ್ ಆಗಿದೆ.

ಇಷ್ಟಾದರೂ ಜಾಗ ತಿಳಿಯದ ಸುಳಿವು ಬರುತ್ತೆ. ಬರೀ ‘ನಿಯಂತ್ರಣ (3)’. ಆಗ ಪೇಪರಿನ ತಲೆಬರಹಗಳನ್ನು ಮನಸ್ಸಿನಲ್ಲಿ ಓದಿಕೊಳ್ಳಿ. ಅಕ್ರಮಕ್ಕೆ ಕಡಿವಾಣ. ಬೆಲೆ ಏರಿಕೆಗೆ ಅಂಕುಶ. ಬೆಂಕಿ ಹತೋಟಿಗೆ. ಭ್ರಷ್ಟಾಚಾರ ನಿಗ್ರಹ. ವಾಹನ ಸಂಚಾರಕ್ಕೆ ನಿರ್ಬಂಧ. ಕನ್ನಡದ ಕಿವಿ ಯಾವ ಮಾತಿಗೆ ಯಾವ ಪದ ಜೋಡಿ ಅಂತ ತಾನೇ ಹೇಳುತ್ತೆ. ಬೆಂಕಿ ನಿಗ್ರಹಕ್ಕೆ ಬಂತು ಅಂತ ಯಾರೂ ಹೇಳುವುದಿಲ್ಲ. ಸುಳಿವಿನ ಪದವನ್ನು ಒಂದು ವಾಕ್ಯದಲ್ಲಿ ಹಾಕಿ ಜೋರಾಗಿ ಹೇಳಿ ನೋಡಿ. ಬಾಯಿಗೆ ಸರಿಯಾಗಿ ಬಂದದ್ದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನಲ್ಲಿ ಬೇಡ. ಉಳಿದ ಪದಗಳನ್ನು ಪೇಪರಿನ ಅಂಚಿನಲ್ಲಿ ಬರೆದಿಡಿ. ಮನೆ ತುಂಬುತ್ತಾ ಬಂದ ಹಾಗೆ ಒಂದೊಂದೇ ಹೊಡೆದುಹಾಕಿ. ‘ತಿರುಗಿದೆ’, ‘ತಲೆಕೆಳಗು’ ಅಂತ ಸುಳಿವಿನಲ್ಲಿದ್ದರೆ ಸಂಯಮವನ್ನು ಮ-ಯ-ಸಂ ಅಂತ ಬರೆಯುವುದನ್ನು ಮರೆಯಬೇಡಿ.

ನಿಘಂಟು ನೋಡುವುದು ತಪ್ಪಲ್ಲ. ಬಿಡಿಸಿ ಆದ ಮೇಲೆ ನೋಡಿದರೆ ಇನ್ನೂ ಒಳ್ಳೆಯದು, ಪದ ಮನಸ್ಸಿನಲ್ಲಿ ಕೂರುತ್ತೆ. ಜಗತ್ತಿನ ಮೊದಲ ಪದಬಂಧ ಆರ್ಥರ್ ವಿನ್ ಅನ್ನುವವರು ಮಾಡಿದ್ದು, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಬಂದದ್ದು 1913ರ ಡಿಸೆಂಬರ್ 21ರಂದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದ ನಮ್ಮ ಮಂಡ್ಯ ಜಿಲ್ಲೆಯ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ 1913ರ ಆಗಸ್ಟ್‌ನಲ್ಲಿ. ಆ ಸಂಪುಟಗಳನ್ನು ಲೈಬ್ರರಿಯಲ್ಲಿ ತೆಗೆದು ಕೂತಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಪ್ರಾಣಿ, ನೀರು, ನೆಲ, ನಾಲಿಗೆ, ಮನಸ್ಸು, ಕಾನೂನು ಅಂತ ಪುಟ ಮಾಡಿ, ಪ್ರತಿ ಪುಟದಲ್ಲಿ ಎರಡಕ್ಷರದಿಂದ ಐದಕ್ಷರದವರೆಗೆ ಸಾಲು ಎಳೆದಿದ್ದೇನೆ. ನೀವೂ ಹಾಗೆ ಮಾಡಿ, ಮೂರು ತಿಂಗಳಿಗೆ ಒಂದು ಪುಟ ತುಂಬುತ್ತೆ. ಮೊನ್ನೆ ಡ್ರೈವರ್ ಅಣ್ಣ ಫೋನ್ ಮಾಡಿದ್ದರು. “ಎತ್ತಿನ ಗಾಡಿಗೆ ನೊಗ ಕಟ್ಟೋ ಹಗ್ಗ ಬರ್ಕೊಂಡಿದ್ಯಾ?” ಅಂದರು. ಇರಲಿಲ್ಲ. ಪ್ರಾಣಿ ಪುಟ ತೆಗೆದು ಎರಡಕ್ಷರದ ಸಾಲಿನಲ್ಲಿ, ಕುಕ್ಕೆಯ ಕೆಳಗೆ, ‘ಮಿಣಿ’ ಅಂತ ಬರೆದೆ.